ಭಾನುವಾರ ಗೋಣುಮುರಿ ಹತ್ತಬಾರದು

ನಕಾಶೆಯ ಎಡಗಡೆ ಜಾಗ ಉಳಿದಿತ್ತು ಎಂಬ ಒಂದೇ ಕಾರಣಕ್ಕೆ ನಾನು ಗೋಣುಮುರಿ ಬೆಟ್ಟಸಾಲನ್ನು ಪಶ್ಚಿಮಕ್ಕೆ ಇಟ್ಟೆ. ಪೂರ್ವಕ್ಕೆ ಇಟ್ಟಿದ್ದರೂ ಕೇಳುವವರಿರಲಿಲ್ಲ. ಪ್ರಪಂಚ ನನ್ನದು, ಪೆನ್ಸಿಲ್ ನನ್ನದು, ನಕಾಶೆ ಬರೆದ ಹಳೇ ಕ್ಯಾಲೆಂಡರಿನ ಬಿಳಿ ಬೆನ್ನೂ ನನ್ನದೇ. ಆ ಗೇಣುದ್ದದ ಜಾಗ ನನ್ನ ಎಷ್ಟು ಭಾನುವಾರಗಳನ್ನು ತಿಂದುಹಾಕಿತು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಜಯನಗರದ ಟಿ ಬ್ಲಾಕಿನ ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಡಿಗ್ರಿ ಓದುತ್ತಿದ್ದ ನಾನು. ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ನನಗೊಂದು ಪರದೇಶದ ಆಟದ ಪುಸ್ತಕ ಸಿಕ್ಕಿತ್ತು, ಅರ್ಧ ಪುಟಗಳೇ ಇಲ್ಲದ್ದು. ಅದು ಮಾತಿನಲ್ಲೇ ಆಡುವ ಆಟ. ಒಬ್ಬ ಮಾಯಾಲೋಕವೊಂದನ್ನು ಕಟ್ಟಿ ಕಥೆ ಹೇಳುತ್ತಾನೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆ ಎಂದು ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಪುಸ್ತಕ ಕೇಳಿದ ಹತ್ತೆಂಟು ಮುಖದ ದಾಳಗಳು ಜಯನಗರ ಕಾಂಪ್ಲೆಕ್ಸಿನಲ್ಲಿ ಎಲ್ಲೂ ಸಿಗಲಿಲ್ಲ. ಅಮ್ಮನ ಚೌಕಾಬಾರದ ಕವಡೆಗಳಲ್ಲೇ ಸುಧಾರಿಸಿಕೊಂಡೆವು.

ಅಣ್ಣ ಮಾಂತ್ರಿಕನಾದ. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು ಕೊರಿಯರ್ ಆಫೀಸಿಗೆ ಹೋಗುತ್ತಿದ್ದ ಧಾರವಾಡ ಕಡೆಯ ನನ್ನ ಗೆಳೆಯ ಕತ್ತಿವೀರನಾದ. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ಅತ್ತಿಗೆ ವೈದ್ಯೆ, ತಂಡದ ನಾಯಕಿ ಕೂಡ. ಅವರು ಹೂಂ ಅನ್ನದೆ ಉಳಿದಿಬ್ಬರು ಹೆಜ್ಜೆ ಎತ್ತುತ್ತಿರಲಿಲ್ಲ. ಮೂವರಿಗೂ ರಜೆ ಇರುತ್ತಿದ್ದುದು ಭಾನುವಾರ ಮಾತ್ರ.

ಗೋಣುಮುರಿಗಾಗಿ ನಾನು ಇಡೀ ಬೇಸಿಗೆ ರಜೆಯನ್ನು ಸುರಿದಿದ್ದೆ. ಹೋದವರಾರೂ ಹಿಂದಿರುಗದ ಬೆಟ್ಟಗಳವು. ಒಬ್ಬರು ಕೂಗಿದರೆ ಬೇರೆ ಯಾರದೋ ದನಿಯಲ್ಲಿ ಉತ್ತರ ಕೊಟ್ಟು ದಾರಿ ತಪ್ಪಿಸುವ ಕಣಿವೆ. ಮಲಗಿದ್ದಾಗ ಬಂಡೆ, ಎದ್ದರೆ ರಾಕ್ಷಸರಾಗುವ ಕಲ್ಲಾಳುಗಳು. ಕೊನೆಯಲ್ಲಿ ಒಂದು ತೂಗುಸೇತುವೆ. ಅದು ಪ್ರತಿಯೊಬ್ಬರನ್ನೂ ಯಾಕೆ ಹೊರಟೆ ಎಂದು ಕೇಳುತ್ತದೆ, ಸುಳ್ಳು ಹೇಳಿದವರ ಕಾಲಡಿಯ ಹಲಗೆ ಕಳಚುತ್ತದೆ. ಇದನ್ನೆಲ್ಲ ಎದುರಿಸಿ ಇವರು ಹೇಗೆ ನಡುಗುತ್ತಾರೆ ಎಂದು ನೋಡಲು ನಾನು ತುದಿಗಾಲಲ್ಲಿ ನಿಂತಿದ್ದೆ.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಪ್ರಯಾಣದ ಮಾತೂ ನಡೆದಿತ್ತು. ಅತ್ತಿಗೆಗೆ ಆಫೀಸರ್ ಆಗಿ ಬಡ್ತಿ ಬಂದಿತ್ತು. ಘಟ್ಟದ ಕೆಳಗಿನ ಊರೊಂದರಲ್ಲಿ, ದಸರೆ ಕಳೆದ ಮೊದಲ ಸೋಮವಾರ ಹಾಜರಾಗಬೇಕು. ಒಲ್ಲೆ ಎಂದರೆ ಗುಮಾಸ್ತೆಯಾಗಿ ಇಲ್ಲೇ ಇರಬಹುದು. ಒಲ್ಲೆ ಅನ್ನುವುದೇ ಸರಿ ಎಂದು ಅಮ್ಮ, ಅಣ್ಣ ಇಬ್ಬರೂ ತೀರ್ಮಾನಿಸಿಬಿಟ್ಟಿದ್ದರು.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಅಷ್ಟೆ. ಇಲ್ಲಿ ಮನೆ ಯಾರು ನೋಡ್ಕೋತಾರೆ?" ಎಂದು ಅಣ್ಣ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಅತ್ತಿಗೆ ಹೋಗುತ್ತೇನೆ ಎನ್ನಲಿಲ್ಲ, ಒಲ್ಲೆ ಎಂದು ಬರೆದೂ ಕೊಡಲಿಲ್ಲ. ಹುಳಿ ಬಡಿಸುತ್ತಿದ್ದರು. ಅವರು ಹೋದರೂ ಆಟ ನಿಲ್ಲುತ್ತದೆ, ಹೋಗದೆ ಮನಸ್ಸು ಮುರಿದುಕೊಂಡರೂ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅಷ್ಟರೊಳಗೆ ನನ್ನ ಬೆಟ್ಟವನ್ನೊಮ್ಮೆ ಹತ್ತಲಿ ಎಂಬುದು ನನ್ನ ಹಟ.

ಗೌರಿ ಹಬ್ಬ ಕಳೆದ ಭಾನುವಾರ ತಂಡ ಬೆಟ್ಟದ ಬುಡ ಮುಟ್ಟಿತು.

"ಎದುರಿಗೆ ಗೋಣುಮುರಿ. ಏನ್ಮಾಡ್ತೀರಿ?" ಎಂದು ದನಿ ತಗ್ಗಿಸಿ ಕೇಳಿದೆ.

ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದ ಅಮ್ಮ ನಡುವೆ ಬಾಯಿ ಹಾಕಿದಳು. "ಯಾವ ದಿಕ್ಕೋ ಅದು?"

"ಪಶ್ಚಿಮ."

"ಭಾನುವಾರ ಪಶ್ಚಿಮಕ್ಕಾ? ವಾರಶೂಲೆ ಕಣೋ. ಇವತ್ತು ಆ ದಿಕ್ಕಿಗೆ ಹೊರಡಬಾರದು."

ನಾನು ನಕ್ಕೆ. ಅತ್ತಿಗೆ ನಗಲಿಲ್ಲ. "ಅತ್ತೆ ಹೇಳೋದು ಸರಿ. ಇವತ್ತು ಬೇಡ," ಎಂದು ಕವಡೆ ಕೆಳಗಿಟ್ಟರು.

"ಅತ್ತಿಗೆ, ಆಟದಲ್ಲಿ ಇವತ್ತು ಗುರುವಾರ!"

"ಕವಡೆ ಹಾಕೋ ಕೈಗೆ ಭಾನುವಾರ ಅಲ್ವೇನೋ?"

ನಾವು ಸೇರುವುದು ಭಾನುವಾರ ಮಾತ್ರ, ಬೆಟ್ಟ ಇರುವುದು ಪಶ್ಚಿಮದಲ್ಲಿ. ಅಂದರೆ ಇವರು ಈ ಜನ್ಮದಲ್ಲಿ ಗೋಣುಮುರಿ ಹತ್ತುವುದಿಲ್ಲ. ಇದು ತಲೆಗೆ ಹೊಳೆದಾಗ ಕ್ಯಾಲೆಂಡರನ್ನು ಹರಿದುಹಾಕುವಷ್ಟು ಸಿಟ್ಟು ಬಂತು.

ಮುಂದಿನ ವಾರಗಳಲ್ಲಿ ನಡೆದದ್ದನ್ನು ಆಟ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬೆಟ್ಟದ ಬುಡದ ಹಳ್ಳಿಯಲ್ಲಿ ಅತ್ತಿಗೆ ದವಾಖಾನೆ ತೆರೆದು ಕುರುಬರ ಕೆಮ್ಮಿಗೆ ಕಷಾಯ ಕೊಡತೊಡಗಿದರು. "ಎಷ್ಟ್ ದಿನ ಅಂತ ಖಾಲಿ ಕುಂದ್ರೂದ್ರೀ ವೈನಿ? ಒಂದ್ ಎಮ್ಮಿ ಕಟ್ಟೂಣು," ಎಂದು ಗೆಳೆಯ ಎಮ್ಮೆ ಕೊಂಡ. ನಾನು ತೋಳಗಳನ್ನು ಕಳಿಸಿದೆ, ಬಾಗಿಲು ಹಾಕಿಕೊಂಡರು. ಭೂಕಂಪ ಮಾಡಿಸಿದೆ, ಅತ್ತಿಗೆ ಗಾಯಾಳುಗಳಿಗೆ ಪಟ್ಟಿ ಕಟ್ಟಿದರು. ಅಣ್ಣ ಪ್ರತಿ ವಾರವೂ, "ಸುತ್ತು ದಾರಿ ಯಾವ್ದೂ ಇಲ್ವಾ?" ಎಂದು ಕೇಳುತ್ತಿದ್ದ, ಸಿಲ್ಕ್ ಬೋರ್ಡಿನ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡವನ ಹಾಗೆ.

"ನಕಾಶಿ ತಿರುಗ್ಸಿ ಇಡೋ. ಪಶ್ಚಿಮ ಹೋಗಿ ಪೂರ್ವ ಆಗ್ತೈತಿ," ಎಂದ ಗೆಳೆಯ. ಅವನ ಕಾಲು ಹಿಡಿಯುವಷ್ಟು ಖುಷಿಯಾಯಿತು ನನಗೆ.

"ಆ ಬೆಟ್ಟದ ಹಿಂದೆ ಸೂರ್ಯ ಮುಳುಗಿದ್ದನ್ನ ಇವನೇ ವರ್ಣಿಸಿದಾನೆ," ಎಂದರು ಅತ್ತಿಗೆ. "ಕಾಗದ ತಿರುಗಿಸಿದ್ರೆ ಸೂರ್ಯ ತಿರುಗ್ತಾನಾ?"

ದಸರೆ ಹತ್ತಿರ ಬಂದಾಗ ನನ್ನ ತಾಳ್ಮೆ ಕೆಟ್ಟಿತು. ಅಡುಗೆಮನೆಗೆ ಹೋಗಿ ಅಮ್ಮನ ಮೇಲೆ ಕೂಗಾಡಿದೆ. ನಿನ್ನ ಒಂದು ಮಾತಿಗೆ ನನ್ನ ಬೆಟ್ಟವೆಲ್ಲ ಹಾಳಾಯಿತು ಎಂದೆ. ಪಕ್ಕದಲ್ಲಿ ಅತ್ತಿಗೆ ಕಾಯಿ ತುರಿಯುತ್ತಿದ್ದರು.

"ಅದಕ್ಯಾಕೋ ಹೀಗಾಡ್ತೀಯಾ? ಪರಸ್ಥಾನ ಇಟ್ರಾಯ್ತು," ಎಂದಳು ಅಮ್ಮ. "ಒಳ್ಳೇ ದಿನ ನೋಡಿ, ತಗೊಂಡು ಹೋಗೋ ಗಂಟನ್ನ ಅಕ್ಕಪಕ್ಕದ ಮನೇಲಿ ಇಟ್ಬಿಟ್ರೆ ಅವತ್ತೇ ಹೊರಟ ಲೆಕ್ಕ. ಆಮೇಲೆ ಯಾವತ್ತು ಹೋದ್ರೂ ಶೂಲೆ ತಟ್ಟಲ್ಲ. ಆದ್ರೆ ಇಟ್ಟಿದ್ದನ್ನ ಮತ್ತೆ ಮನೆ ಒಳಗೆ ತರಬಾರದು. ಅಲ್ಲಿಂದ್ಲೇ ಹೋಗ್ಬೇಕು."

"ತರಲೇಬಾರದಾ ಅತ್ತೆ?" ಅತ್ತಿಗೆ ತುರಿಯುವುದನ್ನು ನಿಲ್ಲಿಸಿ ಕೇಳಿದರು.

"ತಂದ್ರೆ ಮನೆಗೇ ಕೇಡು."

ದಸರೆ ಕಳೆದ ಗುರುವಾರ ಅತ್ತಿಗೆ ತಾವೇ ನಕಾಶೆ, ಪಾತ್ರಗಳ ಚೀಟಿ ಎಲ್ಲ ಕಟ್ಟಿಕೊಂಡು ಎದುರುಮನೆ ಆಂಟಿಯ ಹತ್ತಿರ ಇಟ್ಟು ಬಂದರು. ಭಾನುವಾರ ಆಟವೂ ಅಲ್ಲಿಯೇ, ಆಂಟಿಯ ವರಾಂಡದಲ್ಲಿ. ಒಂದು ಆಟಕ್ಕೆ ಇಷ್ಟೆಲ್ಲ ಶಾಸ್ತ್ರವೇ ಎಂದು ಗೊಣಗುತ್ತ, ಕವಡೆಯ ಡಬ್ಬಿ ಹಿಡಿದು ನಾನು ಮೊದಲೇ ಹೋದೆ.

ಮೂಲೆಯಲ್ಲಿ ಹಳದಿ ಬಟ್ಟೆಯ ಗಂಟು ಇತ್ತು. ಅದರ ಪಕ್ಕದಲ್ಲಿ ಅತ್ತಿಗೆಯ ದೊಡ್ಡ ಸೂಟ್‌ಕೇಸ್, ಸುತ್ತಿ ಕಟ್ಟಿದ ಹಾಸಿಗೆ.

"ಎಲ್ಲಾ ಗುರುವಾರಾನೇ ತಂದಿಟ್ಳಪ್ಪ," ಎಂದರು ಆಂಟಿ. "ಯಾಕೆ, ನಿಮ್ಮನೇಲಿ ಗೊತ್ತಿಲ್ವಾ?"

ನನ್ನ ಹಿಂದೆಯೇ ಬಂದ ಅಣ್ಣನೂ ಅದನ್ನು ನೋಡಿದ. ಹೋಗಿ ಚಾಪೆಯ ಮೇಲೆ ಕೂತ. ಏನೊಂದೂ ತಿಳಿಯದ ಗೆಳೆಯ, "ಎಮ್ಮಿನೂ ಜೋಡಿ ಬರ್ತೈತಿ ಮತ್ತ," ಎಂದು ತಕರಾರು ತೆಗೆದ. ಅತ್ತಿಗೆ ಮನೆಯಿಂದ ಕಾಫಿ ತಂದಿಟ್ಟು ಕವಡೆ ಕೈಗೆತ್ತಿಕೊಂಡರು.

"ನಡೀರಿ, ಹತ್ತೋಣ."

ಮೂರು ತಿಂಗಳು ನಾನು ಕೂಡಿಹಾಕಿದ ಭಯವನ್ನು ಅವರು ಕಾಫಿ ಆರುವಷ್ಟರಲ್ಲಿ ಮುಗಿಸಿದರು. ಕಣಿವೆಯಲ್ಲಿ ಯಾರೂ ಕೂಗಲೇ ಇಲ್ಲ. ಕಲ್ಲಾಳುಗಳ ನಡುವೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರು. "ಮಲಗಿರೋರನ್ನ ಯಾಕೆ ಎಬ್ಬಿಸ್ಬೇಕು?" ಎಂದರು ಅತ್ತಿಗೆ. ಅಂಥ ಹೊತ್ತಿನಲ್ಲೂ ನನಗೆ ರೇಗಿತು. ಒಬ್ಬನಾದರೂ ಎದ್ದು ಬರಬೇಡವೇ? ಆ ರಾಕ್ಷಸರಲ್ಲಿ ಒಬ್ಬೊಬ್ಬನಿಗೂ ಎಂದು ಬೇರೆ ಬೇರೆ ಕೂಗು ಕಲಿತಿದ್ದೆ ನಾನು.

ಸೇತುವೆ ಬಂತು.

"ಯಾಕೆ ಹೊರಟೆ?" ಸೇತುವೆಯ ದನಿಯಲ್ಲಿ ಕೇಳಬೇಕೆಂದಿದ್ದೆ. ಬಂದದ್ದು ನನ್ನ ದನಿಯೇ.

ಅತ್ತಿಗೆ ನನ್ನನ್ನು ನೋಡಲಿಲ್ಲ, ಅಣ್ಣನನ್ನು ನೋಡಿದರು. "ನನಗೆ ಹೋಗ್ಬೇಕು ಅನ್ನಿಸಿದೆ. ಬೇರೆ ಕಾರಣ ಇಲ್ಲ."

ಕವಡೆ ಹಾಕಿ ಎಂದು ನಾನು ಹೇಳಲಿಲ್ಲ. ಹಲಗೆ ಗಟ್ಟಿಯಾಗಿದೆ, ದಾಟಿದಿರಿ ಎಂದೆ. ಗೆಳೆಯ, "ಹೆಂಗಿದ್ರೂ ವೈನಿ ಒಬ್ರೇ ಹೋಗಬಾರದು," ಎಂದು ಹಿಂದೆಯೇ ದಾಟಿದ. ಎಮ್ಮೆ ಮಾತ್ರ ಸೇತುವೆ ಹತ್ತುವುದಿಲ್ಲ ಎಂದೆ. ಅಷ್ಟಾದರೂ ನನ್ನ ಮಾತು ನಡೆಯಲಿ ಎಂದು.

ಅಣ್ಣನ ಸರದಿ. ಅವನು ಚಾಪೆಯ ದಾರ ಕೀಳುತ್ತ ಕೂತಿದ್ದ.

"ಮಾಂತ್ರಿಕ ಈ ಕಡೆಯೇ ಇರ್ತಾನೆ," ಎಂದ ಕೊನೆಗೆ. "ಎಮ್ಮೆ ನಾನು ನೋಡ್ಕೋತೀನಿ."

ಅತ್ತಿಗೆ ಸೆರಗಿನಿಂದ ಕಣ್ಣೊತ್ತಿಕೊಂಡರು. ಎಮ್ಮೆಗಾಗಿ ಅಳುವುದೇ ಎಂದು ಗೆಳೆಯ ಬೆರಗಾಗಿ ನೋಡಿದ.

ಕಾಫಿ ಲೋಟ ವಾಪಸ್ ಒಯ್ಯಲು ಅಮ್ಮ ರಸ್ತೆ ದಾಟಿ ಬಂದಳು. ವರಾಂಡದ ಮೆಟ್ಟಿಲಲ್ಲೇ ನಿಂತಳು. ಸೂಟ್‌ಕೇಸ್ ನೋಡಿದಳು, ಹಾಸಿಗೆ ನೋಡಿದಳು.

"ಏನೋ ಇದು?" ಎಂದು ನನ್ನನ್ನೇ ಕೇಳಿದಳು. "ಇವಳು ಹೊರಟಿದಾಳಾ?"

"ಇವತ್ತಲ್ಲಮ್ಮ," ಎಂದೆ. "ಗುರುವಾರವೇ ಹೊರಟಾಯ್ತು."

ಅದನ್ನು ಮನೆಯೊಳಕ್ಕೆ ತನ್ನಿ ಎಂದು ಅಮ್ಮ ಹೇಳುವಂತಿರಲಿಲ್ಲ. ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡಳು, ಅತ್ತಿಗೆಯ ಲೋಟದ ಹತ್ತಿರ ಬಂದಾಗ ಬಗ್ಗಿಯೇ ನಿಂತು ಕೇಳಿದಳು.

"ಬಸ್ಸು ಎಷ್ಟೊತ್ತಿಗೆ? ಮೊಸರನ್ನಕ್ಕೆ ಅಕ್ಕಿ ಇಡ್ಬೇಕು."