ಪೆಡಲಿನ ಮೇಲಿನ ಪಾದ

ಮುಂಬಯಿ ಹತ್ತಿರದ ಕಲ್ಯಾಣದ ಸ್ಟೇಷನ್ನಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ, ಟಾಂಗಾ ಕುದುರೆಗಳು ನೀರು ಕುಡಿಯುವ ತೊಟ್ಟಿಯ ಹಿಂದೆ, ರಾಯಪ್ಪನ ತಗಡಿನ ಶೆಡ್ಡು ಇತ್ತು. ಬೈಲಹೊಂಗಲದ ಕಡೆಯವನು. ಎಂಜಿನ್ ಮುಟ್ಟುತ್ತಿರಲಿಲ್ಲ, ಗೇರ್ ಮುಟ್ಟುತ್ತಿರಲಿಲ್ಲ. ಬರೀ ಬ್ರೇಕು. ಯಾಕೆಂದು ಕೇಳಿದವರಿಗೆ, "ಎಂಜಿನ್ ಕೆಟ್ರ ಗಾಡಿ ನಿಲ್ತೈತಿ. ಬ್ರೇಕ್ ಕೆಟ್ರ ನಿಲ್ಲಂಗಿಲ್ಲ. ಯಾವ್ದು ದೊಡ್ಡ ಕೆಲಸ, ನೀವ ಹೇಳ್ರಿ," ಎನ್ನುತ್ತಿದ್ದ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಟೆಂಪೊ ಓಡಿಸುವ ಮರಾಠಿ ಡ್ರೈವರುಗಳೆಲ್ಲ ಅವನನ್ನು ಬ್ರೇಕ್‌ವಾಲೇ ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ಊರಲ್ಲಿ ಅಪ್ಪನ ಹೆಸರಿನಿಂದ ಗುರುತಿಸಿಕೊಂಡವನಿಗೆ ಇಲ್ಲಿ ಸ್ವಂತ ದುಡಿಮೆಯಿಂದ ಒಂದು ಹೆಸರು ಬಂದಿತ್ತು. ಅದನ್ನು ಅವನು ಒಗೆದ ಅಂಗಿಯ ಹಾಗೆ ಜೋಪಾನವಾಗಿ ತೊಡುತ್ತಿದ್ದ.

ಆದರೆ ಬ್ರೇಕಿನ ಕೆಲಸದಲ್ಲಿ ಒಬ್ಬನೇ ಮಾಡಲಾಗದ್ದು ಒಂದಿದೆ. ಎಣ್ಣೆಯ ಕೊಳವೆಯೊಳಗೆ ಗಾಳಿ ಸೇರಿದರೆ ಬ್ರೇಕು ಹಿಡಿಯುವುದಿಲ್ಲ. ಗಾಳಿ ತೆಗೆಯಬೇಕೆಂದರೆ ಒಬ್ಬರು ಮೇಲೆ ಕೂತು ಪೆಡಲು ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಗಾಲಿಯ ಹತ್ತಿರದ ತಿರುಪು ಸಡಿಲಿಸಬೇಕು. ಗುಳ್ಳೆಗಳು ಹೋಗಿ ಬರೀ ಎಣ್ಣೆ ಬರುವ ತನಕ, ನಾಲ್ಕೂ ಗಾಲಿಗೆ, ಮತ್ತೆ ಮತ್ತೆ. ಕೂಲಿ ಕೊಟ್ಟು ಆಳು ಇಡುವ ಶಕ್ತಿ ಇಲ್ಲದ ಮೊದಲ ವರ್ಷ, ಬುತ್ತಿ ತಂದಿದ್ದ ಹೆಂಡತಿಗೆ ರಾಯಪ್ಪ, "ಒಂದೀಟು ಮ್ಯಾಲ ಕುಂಡ್ರ" ಎಂದಿದ್ದ. ಅಂದಿನಿಂದ ಆ ಜಾಗ ಮಹಾದೇವಕ್ಕನದಾಯಿತು.

ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿದು ಕರೆಯುವ ರೂಢಿ ಅವರಲ್ಲಿ ಇರಲಿಲ್ಲ. ಅವನು ಕೆಳಗೆ ಮಲಗಿ ತಿರುಪು ತಿರುಗಿಸುವ ಪಾನಾದಿಂದ ಕಬ್ಬಿಣಕ್ಕೆ ಒಮ್ಮೆ ಬಡಿದರೆ ತುಳಿದು ಹಿಡಿ ಎಂದು. ಎರಡು ಸಲ ಬಡಿದರೆ ಬಿಡು ಎಂದು. ಅವಳು ತಲೆಯ ಮೇಲೆ ಸೆರಗು ಹೊದ್ದು, ಚಪ್ಪಲಿ ಕೆಳಗೆ ಬಿಟ್ಟು, ಬರಿಗಾಲಲ್ಲಿ ತುಳಿಯುತ್ತಿದ್ದಳು. ಎಲ್ಲ ಮುಗಿಯಿತೆಂದು ಅವನು ಎದ್ದರೂ ಅವಳ ಕಾಲು ಪೆಡಲಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿತ್ತು, ಹಾಲು ಕಾಯಿತೋ ಇಲ್ಲವೋ ಎಂದು ಪಾತ್ರೆಯ ಅಂಚಿಗೆ ಬೆರಳಿಟ್ಟು ನೋಡುವ ಹಾಗೆ. "ಇನ್ನೂ ಐತ್ರಿ. ಕಾಲಾಗ ಮೆತ್ತಗಾಗ್ತೈತಿ," ಎಂದರೆ ಅವನು ಮತ್ತೆ ಮಲಗುತ್ತಿದ್ದ. ಆ ಮಾತು ತಪ್ಪಾದದ್ದು ಅವನಿಗೆ ನೆನಪಿಲ್ಲ.

ಅವರ ಕಡೆಯವನೇ ಆದ ವೀರಭದ್ರಪ್ಪನಿಗೆ ಪೇಟೆಯಲ್ಲಿ ಮೆಣಸಿನಕಾಯಿಯ ಸಗಟು ಅಂಗಡಿ. ಅವನ ಟೆಂಪೊದ ಬ್ರೇಕೂ ರಾಯಪ್ಪನ ಕೈಯಲ್ಲೇ. ಒಂದು ದಿನ ಅವನು ಊರಿನಿಂದ ಬಂದ ನಾಲ್ಕು ಮಂದಿ ಬೀಗರನ್ನು ಕರೆದುಕೊಂಡು ಆ ದಾರಿಯಲ್ಲಿ ಹೊರಟಿದ್ದ. ಸ್ಟಿಯರಿಂಗಿನ ಹಿಂದೆ ಮಹಾದೇವಕ್ಕ, ಗಾಡಿಯ ಕೆಳಗಿಂದ ಚಾಚಿದ ರಾಯಪ್ಪನ ಎರಡು ಕಾಲು.

"ಏನಲೇ ರಾಯಪ್ಪಾ," ಎಂದು ವೀರಭದ್ರಪ್ಪ ನಿಂತ. "ಹೇಂತಿ ಡ್ರೈವರ್, ನೀ ಕ್ಲೀನರ್ ಏನು? ನಾಳೆ ಅಕಿಗೆ ಲೈಸನ್ಸ್ ಮಾಡ್ಸಿ ಬಿಡು, ನೀ ಮನ್ಯಾಗ ರೊಟ್ಟಿ ಬಡಿ!"

ಬೀಗರು ಹೊಟ್ಟೆ ಹಿಡಿದು ನಕ್ಕರು. ಟಾಂಗಾದವರೂ ನಕ್ಕರು. ರಾಯಪ್ಪ ಹೊರಗೆ ಬಂದ. ಮೈಯೆಲ್ಲ ಎಣ್ಣೆ. ಆ ನಗೆಯ ನಡುವೆ ತಾನೂ ನಕ್ಕ. ನಗುತ್ತಲೇ ಹೆಂಡತಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಇಳಿ ಕೆಳಗ. ಯಾರು ಹತ್ತಂದ್ರು ನಿನಗ? ಇನ್ನ ಈ ಕಡೆ ಹಾಯಬ್ಯಾಡ," ಎಂದ.

ಮಹಾದೇವಕ್ಕ ಇಳಿದಳು. ಚಪ್ಪಲಿ ಮೆಟ್ಟುವಾಗ ಒಂದು ಕಾಲಿನದು ಸಿಗದೆ ತಡಕಾಡಿದಳು. ಆ ಹೊತ್ತು ಯಾರೂ ನಗಲಿಲ್ಲ. ಅದೇ ಅವನಿಗೆ ಆಮೇಲೆ ಹೆಚ್ಚು ನೆನಪಾದದ್ದು.

ಅಂದಿನಿಂದ ಅವನು ಸೀಟಿಗೂ ಪೆಡಲಿಗೂ ನಡುವೆ ಕಟ್ಟಿಗೆಯ ತುಂಡು ಸಿಕ್ಕಿಸಿ ಒಬ್ಬನೇ ಗಾಳಿ ತೆಗೆಯತೊಡಗಿದ. ಹತ್ತುವುದು, ತುಳಿಯುವುದು, ಕಟ್ಟಿಗೆ ಸಿಕ್ಕಿಸುವುದು, ಇಳಿದು ಮಲಗುವುದು. ದೀಪಾವಳಿಯ ಮುಂಚೆ ವೀರಭದ್ರಪ್ಪನ ಟೆಂಪೊ ಬಂತು. ಡೊಂಬಿವಲಿಯ ಅಂಗಡಿಗಳಿಗೆ ಚೀಲ ಹೋಗಬೇಕು, ಬೇಗ, ಬೇಗ. ಹಿಂದಿನ ಎಡಗಾಲಿ ಉಳಿದಿತ್ತು. ಎಣ್ಣೆಯಲ್ಲಿ ಇನ್ನೂ ಗುಳ್ಳೆ ಬರುತ್ತಿದ್ದವು. ರಾಯಪ್ಪ ತಿರುಪು ಬಿಗಿದು ಮೇಲೆ ಹತ್ತಿದ. ಪಟಪಟನೆ ನಾಲ್ಕಾರು ಸಲ ತುಳಿದ. ಪೆಡಲು ಕಲ್ಲಿನ ಹಾಗೆ ನಿಂತಿತು. ಗಾಳಿ ಉಳಿದ ಬ್ರೇಕೂ ಹಾಗೆ ತುಳಿದರೆ ಕ್ಷಣ ಹೊತ್ತು ಗಟ್ಟಿಯಾಗುತ್ತದೆ, ಆಮೇಲೆ ಮೋಸ ಮಾಡುತ್ತದೆ. ಅದು ಅವನಿಗೆ ಗೊತ್ತಿತ್ತು. ಹಿಂದಿನ ಓಣಿಯಲ್ಲೇ ಮನೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ತೊಟ್ಟಿಯ ಹತ್ತಿರ ಟಾಂಗಾದವರು ಬೀಡಿ ಸೇದುತ್ತ ಕೂತಿದ್ದರು. ಅವರನ್ನು ನೋಡಿದ. ಕೂಗಲಿಲ್ಲ.

"ಒಯ್ಯಿ," ಎಂದ ಡ್ರೈವರ್ ರಮಾಕಾಂತನಿಗೆ.

ಪತ್ರಿ ಪೂಲ್ ಎನ್ನುವ ಸೇತುವೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಮುಂದೆ ಜನ ತುಂಬಿದ ಟಾಂಗಾ. ರಮಾಕಾಂತ ಟೆಂಪೊವನ್ನು ಪಕ್ಕದ ಮರಳಿನ ಗುಡ್ಡೆಗೆ ನುಗ್ಗಿಸಿದ. ಗಾಡಿ ಮಗುಚಿತು, ಅವನ ಬಲಗೈ ಮುರಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಮೆಣಸಿನಕಾಯಿ ಚೀಲಗಳು ಒಡೆದು ರಸ್ತೆಯೆಲ್ಲ ಕೆಂಪಾಗಿ, ಓಡಿ ಬಂದವರೆಲ್ಲ ಅಯ್ಯೋ ಎನ್ನುವ ಬದಲು ಸೀನುತ್ತ ನಿಂತಿದ್ದರಂತೆ. ಅದನ್ನೇ ಪೇಟೆಯಲ್ಲಿ ಎರಡು ದಿನ ಹೇಳಿ ಹೇಳಿ ನಕ್ಕರು. ಮೂರನೆಯ ದಿನ ವೀರಭದ್ರಪ್ಪ, ಕುಡಿದು ಓಡಿಸಿದ ಎಂದು ರಮಾಕಾಂತನನ್ನು ಕೆಲಸದಿಂದ ತೆಗೆದ. ರಮಾಕಾಂತ ಕುಡಿಯುವವನಲ್ಲ, ಕೊರಳಲ್ಲಿ ತುಳಸಿಮಾಲೆ ಹಾಕಿ ವರ್ಷವರ್ಷ ಪಂಢರಪುರಕ್ಕೆ ನಡೆಯುವ ವಾರಕರಿ.

ರಾಯಪ್ಪ ಅವನನ್ನು ನೋಡಲು ಚಾಳಿನ ಕೋಣೆಗೆ ಹೋದ. ರಮಾಕಾಂತನ ಹೆಂಡತಿ ಮುಕ್ತಾ ಚಹಾ ಕೊಟ್ಟಳು. ಕೊಟ್ಟು, ಬಾಗಿಲ ಹತ್ತಿರ ನಿಂತು, ಮರಾಠಿಯಲ್ಲಿ ಮೆಲ್ಲಗೆ, "ಅಣ್ಣಾ, ಇವರಿಂದ ನಿಮ್ಮ ಕೆಲಸಕ್ಕೂ ಕೆಟ್ಟ ಹೆಸರು ಬಂತು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದಳು.

ರಮಾಕಾಂತ ಗೋಡೆಗೆ ಒರಗಿ ಕೂತಿದ್ದ. "ನನ್ನ ಕಾಲೇ ಜಾರಿರಬೇಕು ಮಿಸ್ತ್ರಿ. ನೀವು ಮಾಡಿದ ಬ್ರೇಕು ತಪ್ಪುವುದುಂಟೇ?"

ರಾಯಪ್ಪನ ಬಾಯಲ್ಲಿ ಚಹಾ ಹಾಗೇ ನಿಂತಿತು. ಬೈದಿದ್ದರೆ ನುಂಗಬಹುದಿತ್ತು. ಹೇಳಲು ಬಂದಿದ್ದನ್ನು ಹೇಳದೆ, ಕಪ್ಪು ಖಾಲಿ ಮಾಡಿ, ಕೊಡಲೆಂದು ತಂದಿದ್ದ ಬಾಳೆಹಣ್ಣನ್ನು ಅಲ್ಲೇ ಇಟ್ಟು ಬಂದುಬಿಟ್ಟ.

ಮನೆಯಲ್ಲಿ ಮಹಾದೇವಕ್ಕ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಕಡೀ ಗಾಲೀದು ಗಾಳಿ ಪೂರಾ ಹೋಗಿತ್ತೇನ್ರಿ?"

ಅವನು ಹೊಸ್ತಿಲ ಮೇಲೆ ಕೂತು ಉಗುರಿನೊಳಗಿನ ಎಣ್ಣೆ ಕೆದಕತೊಡಗಿದ. ಮೊರದ ಸದ್ದು ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಯಿತು.

ಬೆಳಗ್ಗೆ ಅವನು ಸೀದಾ ಮೆಣಸಿನಕಾಯಿ ಅಂಗಡಿಗೆ ಹೋದ. ಗಿರಾಕಿಗಳಿದ್ದರು, ಹಮಾಲರಿದ್ದರು.

"ಸಾವಕಾರ್ರ, ರಮಾಕಾಂತಂದು ತಪ್ಪಿಲ್ಲ. ಬ್ರೇಕಿನ್ಯಾಗ ಗಾಳಿ ಇತ್ತು. ನನಗ ಗೊತ್ತಿತ್ತು."

"ಗೊತ್ತಿದ್ದೂ ಕೊಟ್ಟಿ?"

"ತುಳಿಯಾಕ ಮ್ಯಾಲ ಮಂದಿ ಇರ್ಲಿಲ್ರಿ."

"ಮಂದಿ? ನಿನ್ನ ಹೇಂತಿ ಎಲ್ಲಿ ಹೋಗಿದ್ಲು?"

ರಾಯಪ್ಪ ನೆಲ ನೋಡಿದ. "ನೀವು ನಕ್ರಿ ಅಂತ ಇಳಿಸಿ ಕಳಿಸ್ದೆ. ಕರಿಯಾಕ ನಾಚಿಕಿ ಬಂತು."

ವೀರಭದ್ರಪ್ಪನ ಮುಖ ಗಂಟಾಯಿತು. ನಂಬಿ ಗಾಡಿ ಕೊಟ್ಟರೆ ಹೀಗೆ ಮಾಡಿದೆಯಲ್ಲ ಎಂದು ಬಾಯಿಗೆ ಬಂದಂತೆ ಬೈದ. ಬೈದು ದಣಿದ ಮೇಲೆ, ಆ ಗಾಡಿ ಮೊದಲು ಸರಿ ಮಾಡು, ರಮಾಕಾಂತ ಕೈ ಕೂಡಿದ ಮೇಲೆ ಬರಲಿ ಎಂದ. ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಧ್ಯಾಹ್ನದೊಳಗೆ ಪೇಟೆಗೆಲ್ಲ ಸುದ್ದಿ ಮುಟ್ಟಿತು. ಬ್ರೇಕ್‌ವಾಲೇ ಮಿಸ್ತ್ರಿ ಎನ್ನುವಾಗ ಜನ ಈಗ ಒಂದು ಕಣ್ಣು ಮಿಟುಕಿಸುತ್ತಿದ್ದರು.

ಟೆಂಪೊ ಶೆಡ್ಡಿನ ಮುಂದೆ ಬಂದು ನಿಂತ ದಿನ ಅವನು ಮನೆಗೆ ಹೋಗಿ, "ಬರ್ತಿ ಏನು?" ಎಂದ.

"ಇಲ್ರಿ," ಎಂದಳು ಮಹಾದೇವಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗು ಅಂದಿದ್ದು ಮಂದೀ ಮುಂದ. ಬಾ ಅನ್ನೂದು ಮನ್ಯಾಗ, ಕಿವ್ಯಾಗ ಏನ್ರಿ? ಅಲ್ಲಿಂದ ಕರೀರಿ."

ರಾಯಪ್ಪ ಗಾಡಿಯ ಕೆಳಗೆ ಹೋಗಿ ಮಲಗಿದ. ಟಾಂಗಾದವರು ಇದ್ದರು. ಅಂಗಡಿಯ ಗುಮಾಸ್ತನಿದ್ದ. ಕೈಗೆ ಪಟ್ಟಿ ಕಟ್ಟಿಕೊಂಡು ರಮಾಕಾಂತನೂ ಬಂದು ನಿಂತಿದ್ದ. ವಿಷಯ ತಿಳಿದ ಮೇಲೆ ಅವನು ರಾಯಪ್ಪನೊಡನೆ ಒಂದು ಮಾತೂ ಆಡಿರಲಿಲ್ಲ. ರಾಯಪ್ಪ ಬಡಿಯಲೆಂದು ಪಾನಾ ಎತ್ತಿದ. ಅದರ ಸದ್ದು ಹಿಂದಿನ ಓಣಿಗೆ ಕೇಳುವಂಥದ್ದಲ್ಲ. ಕೆಳಗಿಟ್ಟ.

"ಮಹಾದೇವಕ್ಕಾ," ಎಂದು ಜೋರಾಗಿ ಕೂಗಿದ. "ಬಾ. ನೀ ಬರದ ಇದು ಆಗೂದಿಲ್ಲ."

ಯಾರೋ ಕಿಸಕ್ಕೆಂದರು. ಹೆಂಡತಿಯ ಹೆಸರು ಹಿಡಿದು ಕೂಗಿದ ಬಾಯಿ ಅವನಿಗೆ ಬೇರೆ ಯಾರದೋ ಅನಿಸಿತು. ಮುಖ ಉರಿಯುತ್ತಿತ್ತು. ಗಾಡಿಯ ಕೆಳಗೆ ಅದು ಯಾರಿಗೂ ಕಾಣುವಂತಿರಲಿಲ್ಲ, ಅವನಿಗೆ ಕಾಣುತ್ತಿದ್ದದ್ದೂ ರಸ್ತೆಯ ಮೇಲಿನ ಕಾಲುಗಳು ಮಾತ್ರ. ಬಹಳ ಹೊತ್ತಿನ ಮೇಲೆ ಅವುಗಳ ನಡುವೆ ಕಾಲುಂಗುರದ ಎರಡು ಪಾದ ಬಂದವು. ಚಪ್ಪಲಿಯನ್ನು ಜೋಡಿಸಿ ಬಿಟ್ಟು ಮೇಲೆ ಹತ್ತಿದವು.

ಒಂದು ಬಡಿತ. ಎರಡು ಬಡಿತ. ಗುಳ್ಳೆ, ಎಣ್ಣೆ, ಮತ್ತೆ ಗುಳ್ಳೆ. ಕಡೆಗೆ ಹಿಂದಿನ ಎಡಗಾಲಿಯಿಂದ ಬರೀ ಎಣ್ಣೆ ಬಂತು. ರಾಯಪ್ಪ ತಿರುಪು ಬಿಗಿದು ಹೊರಗೆ ಬಂದು, "ಆತು," ಎಂದ.

ರಮಾಕಾಂತ ಅವನ ಕಡೆ ನೋಡಲಿಲ್ಲ. ಕಿಟಕಿಯ ಹತ್ತಿರ ಬಗ್ಗಿ, "ಅತ್ತಿಗೆ, ಆಯಿತೇ?" ಎಂದು ಮಹಾದೇವಕ್ಕನನ್ನು ಕೇಳಿದ.

ಅವಳ ಪಾದ ಪೆಡಲಿನ ಮೇಲೆ ಸುಮ್ಮನೆ ನಿಂತಿತ್ತು. ಕಣ್ಣು ಎದುರಿನ ರಸ್ತೆಯ ಮೇಲಿತ್ತು.

"ಇನ್ನೂ ಇಲ್ಲ," ಎಂದಳು.

ಎಲ್ಲರ ಎದುರಿಗೆ ರಾಯಪ್ಪ ಮತ್ತೆ ಮಲಗಿ, ಪಾನಾ ಹಿಡಿದು, ಗಾಡಿಯ ಕೆಳಗೆ ತೆವಳಿದ.