ಏವಿಸಮ್ಮನ ಗಿರಣಿ

ಕಳೆದ ವಾರ, ಈ ಅರಬ್ ನಾಡಿನಲ್ಲಿ, ಅಲ್ ಗರಾಫಾದ ನಮ್ಮ ಫ್ಲ್ಯಾಟಿನ ಎ.ಸಿ. ಸೋರತೊಡಗಿತು. ಅದರ ಕೆಳಗಿದ್ದ ಕಪಾಟನ್ನು ಸರಿಸಿದಾಗ ಹಿಂದಿನಿಂದ ಒಂದು ಕಪ್ಪು ಪ್ಲಾಸ್ಟಿಕ್ ಕೊಳವೆ ಉರುಳಿ ಬಂತು. ಕಟ್ಟಡದ ನಕ್ಷೆಗಳನ್ನು ಸುತ್ತಿಡುತ್ತಾರಲ್ಲ, ಅಂಥದ್ದು. ಮುಚ್ಚಳ ತೆಗೆದರೆ ಆಫೀಸಿನ ಹಳೆಯ ಪ್ರಿಂಟರಿನ ವಾಸನೆ. ಅದರಲ್ಲೆಂತ ಉಂಟು ಎಂದು ಹೆಂಡತಿ ಕೇಳಿದಳು. ಒಬ್ಬ ಇಂಗ್ಲಿಷ್ ಹೆಂಗಸಿನ ವಂಶವೃಕ್ಷ ಎಂದೆ. ಅವಳು ಬಕೆಟ್ ತರಲು ಹೋದಳು. ಇಂಗ್ಲಿಷ್ ಹೆಂಗಸರಿಂದ ನನ್ನ ಸಂಸಾರಕ್ಕೆ ಅಪಾಯವಿದೆಯೆಂದು ಅವಳಿಗೆ ಯಾವತ್ತೂ ಅನ್ನಿಸಿದ್ದಿಲ್ಲ.

ಆ ಹೆಂಗಸು ತೀರಿಕೊಂಡು ಏಳೆಂಟು ನೂರು ವರ್ಷಗಳಾಗಿವೆ, ನೀವೂ ಗಾಬರಿಯಾಗಬೇಕಿಲ್ಲ. ಹೆಸರು ಏವಿಸ್. ನಾನು ಏವಿಸಮ್ಮ ಎನ್ನುತ್ತಿದ್ದೆ. ಪರಿಚಯ ಮಾಡಿಸಿದವರು ಡೆಸ್ಮಂಡ್, ಆಗ ಮುಶೈರಿಬ್‌ನ ಆಫೀಸಿನಲ್ಲಿ ನನ್ನ ಮೇಲಧಿಕಾರಿ. ನಾನು ಡಾಕ್ಯುಮೆಂಟ್ ಕಂಟ್ರೋಲರ್, ಎಂದರೆ ಬೇರೆಯವರು ಬರೆದ ಕಾಗದಕ್ಕೆ ನಂಬರು ಹಾಕಿ ಎತ್ತಿಡುವವನು. ಡೆಸ್ಮಂಡ್ ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ಪುರಾತನ ದಾಖಲೆಗಳ ಪ್ರತಿಗಳನ್ನು ಓದುತ್ತಿದ್ದರು. ಅವರ ತಾಯಿಯ ಕಡೆಯವರು ಏವಿಸಮ್ಮನ ಸಂತತಿಯಂತೆ. ಆಕೆ ಒಬ್ಬ ಸರದಾರನ ವಿಧವೆ. ಆಕೆಗೆ ಒಂದು ಹುಲ್ಲುಗಾವಲು, ಒಂದು ತುಂಡು ಕಾಡು, ನೀರಿನಿಂದ ತಿರುಗುವ ಒಂದು ಗಿರಣಿ ಇದ್ದವು. ಗಿರಣಿ ಮಾತ್ರ ಎಲ್ಲಿಂದ ಬಂತೆಂದು ತಿಳಿಯದು. ಗಂಡನ ಅಪ್ಪ, ಅಜ್ಜ, ಮುತ್ತಜ್ಜ ಯಾರ ಹೆಸರಿನಲ್ಲೂ ಅದು ಇರಲಿಲ್ಲ. ಆಕೆಯ ಅಪ್ಪನ ಹೆಸರಿನಲ್ಲೂ ಇರಲಿಲ್ಲ. ಡೆಸ್ಮಂಡ್‌ಗೆ ಇದರಿಂದ ನಿದ್ದೆ ಕೆಟ್ಟಿತ್ತು. ನಮ್ಮ ಕಂಪನಿ ಕಟ್ಟುತ್ತಿದ್ದ ಕಟ್ಟಡ ಎರಡು ತಿಂಗಳು ತಡವಾದಾಗಲೂ ಚೆನ್ನಾಗಿ ನಿದ್ದೆ ಮಾಡಿದ್ದ ಮನುಷ್ಯ.

ಒಂದು ದಿನ ತಮ್ಮ ಟಿಪ್ಪಣಿಗಳನ್ನೆಲ್ಲ ಕೊಟ್ಟು, ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಮಾಡಿಕೊಡು ಎಂದರು. ನನಗೆ ಗೊತ್ತಿದ್ದ ರೀತಿಯಲ್ಲಿ ಮಾಡಿದೆ. ನಾವು ಮುಲ್ಕಿ ಕಡೆಯ ತುಳುವರು, ಅಳಿಯಕಟ್ಟಿನವರು. ನಮ್ಮಲ್ಲಿ ಹಿಂದಿನಿಂದ ಮನೆ ಹೋಗುವುದು ತಾಯಿಯಿಂದ ಮಗಳಿಗೆ. ಹಾಗಾಗಿ ಮೇಲೆ ಅಜ್ಜಿ, ಕೆಳಗೆ ಮಗಳು, ಅದರ ಕೆಳಗೆ ಏವಿಸಮ್ಮ. ಗಂಡಂದಿರನ್ನು ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಕೂರಿಸಿದೆ. ಗಂಡುಮಕ್ಕಳ ಹೆಸರು ಬರೆದು ಅಲ್ಲಿಗೇ ಗೆರೆ ನಿಲ್ಲಿಸಿದೆ.

ಡೆಸ್ಮಂಡ್ ಹಾಳೆಯನ್ನು ತುಂಬಾ ಹೊತ್ತು ನೋಡಿ, ಗಂಡಸರೆಲ್ಲ ಎಲ್ಲಿ ಹೋದರು ಎಂದು ಕೇಳಿದರು.

“ಅವರು ಅವರವರ ತಾಯಿಯ ಹಾಳೆಯಲ್ಲಿ ಇರ್ತಾರೆ ಸರ್” ಎಂದೆ.

ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಆದರೆ ಅವರ ಬೆರಳು ಹಾಳೆಯ ತುದಿಯ ಅಜ್ಜಿಯ ಮೇಲೆ ನಿಂತಿತ್ತು. ಆ ಅಜ್ಜಿ ತನ್ನ ಗಿರಣಿಯಿಂದ ಸನ್ಯಾಸಿನಿಯರ ಮಠಕ್ಕೆ ವರ್ಷಕ್ಕೊಂದು ಮೂಟೆ ಹಿಟ್ಟು ಕೊಡುತ್ತಿದ್ದಳೆಂದು ಟಿಪ್ಪಣಿಯ ಅಂಚಿನಲ್ಲಿತ್ತು; ನಾನು ಅದನ್ನೂ ಹೆಸರಿನ ಪಕ್ಕ ಹಾಕಿದ್ದೆ. ಗಿರಣಿ ಹೆಂಗಸರ ಕೈಯಿಂದ ಕೈಗೆ ಬಂದಿತ್ತು. ಡೆಸ್ಮಂಡ್ ಇಷ್ಟು ವರ್ಷ ಹುಡುಕಿದ್ದು ಗಂಡಸರ ಜೇಬಿನಲ್ಲಿ. ಅಂದು ಅವರು ನನಗೆ ಕರಕ್ ಚಹಾ ತರಿಸಿದರು, ಎರಡು ಸಲ.

ಚಹಾ ಕುಡಿಯುತ್ತ ಕೊನೆಯ ದಾಖಲೆಯನ್ನು ಓದಿ ಹೇಳಿದರು. ಏವಿಸಮ್ಮ ಗಿರಣಿಯ ಮೇಲಿನ ತನ್ನ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟಿದ್ದಾಳೆ. ಆಮೇಲೆ ಅವಳ ಹೆಸರು ಯಾವ ಕಾಗದದಲ್ಲೂ ಸಿಗುವುದಿಲ್ಲ. ಖಲಾಸ್ ಎಂದರು ಡೆಸ್ಮಂಡ್. ಅವರಿಗೆ ಬರುತ್ತಿದ್ದ ಅರಬಿ ಹೆಚ್ಚುಕಡಿಮೆ ಅಷ್ಟೇ.

ಅಂದು ನನ್ನ ಬ್ಯಾಗಿನಲ್ಲಿ ಅದೇ ಪ್ರಿಂಟರಿನಲ್ಲಿ ತೆಗೆದ ಇನ್ನೊಂದು ಕಾಗದವಿತ್ತು. ಅಮ್ಮ ತೀರಿಕೊಂಡ ಮೇಲೆ ಊರಿನ ಮನೆ ನನಗೂ ಅಕ್ಕನಿಗೂ ಸೇರಿತ್ತು. ಒಬ್ಬರ ಹೆಸರಿನಲ್ಲಿದ್ದರೆ ಸುಲಭವೆಂದು ನಾನೇ ತೀರ್ಮಾನಿಸಿ ಅಕ್ಕನ ಹಕ್ಕು ಬಿಡುಗಡೆ ಪತ್ರ ಮಾಡಿಸಿದ್ದೆ. ಆ ಒಬ್ಬರು ಯಾರೆಂಬುದರಲ್ಲಿ ನನಗೆ ಸಂಶಯ ಬಂದಿರಲಿಲ್ಲ. ಅಳಿಯಕಟ್ಟು ನನಗೆ ನೆನಪಾಗುತ್ತಿದ್ದುದು ಇಂಗ್ಲೆಂಡಿನ ಆಸ್ತಿಗೆ ಮಾತ್ರ.

ಏವಿಸಮ್ಮನ ಕತೆ ಕೇಳಿದ ಮೇಲೂ ಶುಕ್ರವಾರ ಅಕ್ಕನ ಮನೆಯಿರುವ ಅಲ್ ಖೋರ್‌ಗೆ ಹೋದೆ. ಭಾವನಿಗೆ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ಕಂಪನಿಯ ಮನೆ. ಅಕ್ಕ ನೀರುದೋಸೆ ಹೊಯ್ಯುತ್ತಿದ್ದಳು. ಕೈ ಒರೆಸಿಕೊಂಡು, ಎಲ್ಲಿ ಹಾಕಬೇಕು ಹೇಳು ಎಂದಳು, ಸಹಿ ಹಾಕಿದಳು, ಮತ್ತೆ ಕಾವಲಿಯ ಹತ್ತಿರ ಹೋದಳು. ನಾನು ಆರು ದೋಸೆ ತಿಂದೆ.

ಕಾಗದವನ್ನು ಊರಿನ ವಕೀಲರಿಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ಹರಿದೂ ಹಾಕಲಿಲ್ಲ. ಮಡಿಕೆ ಬೀಳದಿರಲೆಂದು ಏವಿಸಮ್ಮನ ಹಾಳೆಯೊಳಗೆ ಸುತ್ತಿ ಕೊಳವೆಗೆ ಹಾಕಿ ಕಪಾಟಿನ ಹಿಂದೆ ಇಟ್ಟೆ. ನನ್ನಷ್ಟು ಧೈರ್ಯವಂತರು ಹೆಚ್ಚಿನವರು ಹೀಗೆಯೇ ಮಾಡುತ್ತಾರೆ. ಅಕ್ಕನಿಗೆ ಹೇಳಲೂ ಇಲ್ಲ. ಅಂದಿನಿಂದ ಪ್ರತಿ ಸಲ ಊರಿಗೆ ಹೊರಡುವ ಮುಂಚೆ ಅವಳು ಫೋನ್ ಮಾಡಿ, “ನಿನ್ನ ಮನೆಯ ಕೀ ಒಂದು ಹದಿನೈದು ದಿವಸಕ್ಕೆ ಸಿಗಬಹುದಾ?” ಎಂದು ಕೇಳುತ್ತಿದ್ದಳು. ತಮಾಷೆ ಮಾಡುತ್ತಾಳೆ ಎಂದುಕೊಂಡಿದ್ದೆ. ವಾಪಸು ಬಂದಾಗ ಕೀಯನ್ನು ಒರೆಸಿ ಲಕೋಟೆಯಲ್ಲಿ ಹಾಕಿ ಕೊಡುತ್ತಿದ್ದಳು. ಲಕೋಟೆಯನ್ನು ಯಾರೂ ತಮಾಷೆಗೆ ಅಂಟಿಸುವುದಿಲ್ಲ ಎಂಬುದು ಬಕೆಟ್ಟಿನ ಪಕ್ಕ ಆ ಕಾಗದ ಹಿಡಿದು ಕೂತಾಗ ಹೊಳೆಯಿತು. ನಾಚಿಕೆಯಾಯಿತು, ದುಃಖವೂ ಆಯಿತು.

ಮೊನ್ನೆ ಶುಕ್ರವಾರ ಕಾಗದವನ್ನೂ ಕೀಯನ್ನೂ ಒಯ್ದು ಅಕ್ಕನ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಇದನ್ನು ಕಳಿಸಿಯೇ ಇಲ್ಲ, ಮನೆ ನಿನ್ನದೂ ಹೌದು ಎಂದೆ. ಅವಳು ತನ್ನ ಸಹಿಯನ್ನು ಯಾರದೋ ಸಹಿಯೆಂಬಂತೆ ನೋಡಿದಳು.

“ಇಷ್ಟು ವರ್ಷ ನಾನು ಅಮ್ಮನ ಕೋಣೆಯಲ್ಲಿ ಮಲಗಲಿಲ್ಲ ಮಾರಾಯ” ಎಂದಳು. “ನಿನ್ನನ್ನು ಕೇಳಲಿಲ್ಲವಲ್ಲ ಅಂತ.”

ಕಾಗದವನ್ನು ನಾಲ್ಕಾಗಿ ಹರಿದು ಕಸದ ಡಬ್ಬಿಗೆ ಹಾಕಿದಳು. ಕೀಯನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಳು. ಈ ಸಲ ದೋಸೆಯ ಮಾತು ಬರಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ತಿಂಗಳು ನನಗೆ ರಜೆ, ಟಿಕೆಟ್ ಆಗಿದೆ. ಕೀಗಾಗಿ ಅಕ್ಕನಿಗೆ ಫೋನ್ ಮಾಡಬೇಕು. ಹೇಗೆ ಕೇಳುವುದೆಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ.