ಹಸಿರು ಅಕ್ಷರದ ಪಂಚಾಂಗ

ಸ್ವಿಚ್ ಒತ್ತಿದೊಡನೆ ಟಕ್ ಎಂದು, ಆಮೇಲೆ ಸೊಳ್ಳೆಯೊಂದು ತಂಬೂರಿಗೆ ಶ್ರುತಿ ಹಿಡಿದಂತೆ ಬಲು ತೆಳ್ಳಗೆ ‘ಕುಂಯ್’ ಎಂದು ಹಾಡುತ್ತ ನಮ್ಮ ಹಳೆಯ ಕಂಪ್ಯೂಟರ್ ಕಣ್ಣು ಬಿಡುತ್ತಿತ್ತು. ವಯಸ್ಸಾದವರ ಕಿವಿಗೆ ಅಂಥ ಹೈ ಪಿಚ್ ಎಟಕುವುದಿಲ್ಲವಂತೆ. ಆದರೂ ಮಧ್ಯಾಹ್ನದ ಜೊಂಪಿನಲ್ಲಿ ನನಗೆ ಈಗಲೂ ಕೇಳಿಸುತ್ತದೆ. ನೆನಪಿಗೆ ಬೇರೆಯೇ ಕಿವಿ ಇರಬೇಕು.

ಅದರ ಮುಂದೆ ಕೂರುತ್ತಿದ್ದವರು ಇಬ್ಬರು: ದೇವಸ್ಥಾನದ ಅರ್ಚಕರಾಗಿದ್ದ ನನ್ನ ಗಂಡನ ಅಣ್ಣ, ಅಂದರೆ ಭಾವ, ಮತ್ತೆ ಕಾನ್ವೆಂಟಿನ ಇಂಗ್ಲಿಷು, ಟೈಪಿಂಗು ಕಲಿತು ಆ ಮನೆಗೆ ಬಂದ ನಾನು. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಕ್ರಮ ನಮ್ಮಲ್ಲಿರಲಿಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಭಾವನ ಹೆಂಡತಿಯಾದ ಅಕ್ಕನ ಮೂಲಕ. ಆದರೆ ಪಂಚಾಂಗದ ಲೆಕ್ಕವನ್ನು ಕಂಪ್ಯೂಟರಿಗೆ ಕಲಿಸುವ ಹುಚ್ಚು ಭಾವನಿಗೆ ಹತ್ತಿದಾಗ ಕ್ರಮಕ್ಕೊಂದು ಕಿಟಕಿ ತೆರೆಯಿತು. ಇಬ್ಬರೂ ಪರದೆಯನ್ನೇ ನೋಡುತ್ತ ಮಾತಾಡಿದರೆ ಮುಖ ನೋಡಿದಂತಾಗದಲ್ಲ! ತಿಥಿ, ನಕ್ಷತ್ರ ಅವರದು, ಕಮಾಂಡು ನನ್ನದು. ನಾಳೆ ಏಕಾದಶಿಯಲ್ಲವೆಂದು ಅವರು ಪರದೆಗೆ ಬೈದರೆ ಅದು ನನಗೆಂದು ಗೊತ್ತಾಗುತ್ತಿತ್ತು. ಕಾಲೇಜಿನಲ್ಲಿ ಗಣಿತ ಓದುವ ಆಸೆಯಿತ್ತೆಂದು ಅವರು ಒಮ್ಮೆ ಹೇಳಿಕೊಂಡದ್ದೂ ಆ ಗಾಜಿಗೇ.

ಒಂದು ದಿನ ಅಕ್ಷರಗಳೆಲ್ಲ ಮಡಚಿಕೊಂಡು ಪರದೆಯ ನಡುವೆ ಒಂದೇ ಒಂದು ಹಸಿರು ಗೆರೆಯಾಗಿ ನಿಂತವು. ಅದನ್ನು ರಿಪೇರಿ ಮಾಡುವವರು ಸಿಗಲಿಲ್ಲ. ನಾನು ಮತ್ತೆ ಬಾಗಿಲ ಮರೆಗೆ ಸರಿದೆ. ವರ್ಷಗಳು ಹಾಗೆಯೇ ಸರಿದವು.

ಕಳೆದ ವರ್ಷ ಭಾವ ಕಂಕನಾಡಿಯ ಆಸ್ಪತ್ರೆ ಸೇರಿದರು. ಇನ್ನು ಮನೆಗೆ ಬರುವುದು ಕಷ್ಟವೆಂದರು ಡಾಕ್ಟರು. ಆ ಕಂಪ್ಯೂಟರ್ ಪೆಟ್ಟಿಗೆ ಇನ್ನೊಮ್ಮೆ ಹೊತ್ತೀತಾ ಎಂದು ಅವರು ಕೇಳುತ್ತಿದ್ದಾರೆಂದು ಅಕ್ಕ ಫೋನ್ ಮಾಡಿದಳು. ನೋಡುತ್ತೇನೆ ಎಂದೆ. ಅವರಿರುವಾಗಲೇ ಅದನ್ನೊಮ್ಮೆ ಹೊತ್ತಿಸಿ ತೋರಿಸಲೇಬೇಕೆನಿಸಿತು.

ನನ್ನ ಕಾನ್ವೆಂಟ್ ಗೆಳತಿ ಫಿಲೋಮಿನಾ, ಫಿಸಿಕ್ಸ್ ಲೆಕ್ಚರರ್ ಆಗಿ ರಿಟೈರ್ ಆದವಳು, ಸುರತ್ಕಲ್‌ನಿಂದ ಬೆಸುಗೆ ಹಾಕುವ ಕಡ್ಡಿ ಹಿಡಿದು ಬಸ್ಸಿನಲ್ಲಿ ಬಂದಳು. ಒಳಗೆ ಕರೆಂಟ್ ಅಡಗಿ ಕೂತಿರುತ್ತದೆ, ದೂರ ನಿಲ್ಲು ಎಂದು ಗದರಿ ಮಾನಿಟರ್ ಬಿಚ್ಚಿದರೆ, ಒಣಗಿದ ಅಡಿಕೆ ಪಿಂಗಾರದ ಹೂಗಳು, ಕರಿಗಟ್ಟಿದ ಗಂಧ! ಪ್ರತಿ ಆಯುಧಪೂಜೆಗೂ ಭಾವ ಹೂವೇರಿಸಿ ಧಾರಾಳವಾಗಿ ತೀರ್ಥ ಪ್ರೋಕ್ಷಿಸುತ್ತಿದ್ದರು. ಗಾಳಿಯ ಕಿಂಡಿಗಳಲ್ಲಿ ಇಳಿದ ಆ ನೀರಿನಿಂದ ತುಕ್ಕು ಹಿಡಿದು ಬೆಸುಗೆ ಬಿಟ್ಟಿತ್ತು.

“ನಿನ್ನ ಭಾವ ಇದಕ್ಕೆ ಪೂಜೆ ಮಾಡಿದ್ದಲ್ಲ ಮಾರಾಯ್ತಿ, ಅಭಿಷೇಕ ಮಾಡಿದ್ದು,” ಎಂದಳು ಫಿಲೋಮಿನಾ.

ತೊಳೆದು, ಒರಸಿ, ಒಣಗಿಸಿ, ಹೊಸ ಬೆಸುಗೆ ಹಾಕಿ ಸ್ವಿಚ್ ಒತ್ತಿದಳು. ಗೆರೆ ನಡುಗಿತು, ಮಡಿಕೆ ಬಿಚ್ಚಿದ ಸೀರೆಯಂತೆ ಮೇಲಕ್ಕೂ ಕೆಳಕ್ಕೂ ಹರಡಿತು. ಫ್ಲಾಪಿ ನರಳುತ್ತ ತಿರುಗಿ, ಪಂಚಾಂಗ ಸಾಲುಸಾಲಾಗಿ ಎದ್ದು ಬಂತು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹಾಗೆಯೇ ಆಸ್ಪತ್ರೆಗೆ ಓಡಿದೆ.

ಓಡಿದವಳು ಅಭ್ಯಾಸಬಲದಿಂದ ವಾರ್ಡಿನ ಬಾಗಿಲಲ್ಲೇ ನಿಂತೆ. ಅಕ್ಕ ಕ್ಯಾಂಟೀನಿಗೆ ಹೋಗಿದ್ದಳು. ಒಳಗೆ ಬಾ ಎಂದು ಭಾವನೇ ಕೈಮಾಡಿದರು. ಫೋನನ್ನು ಅವರ ಮುಖದ ಹತ್ತಿರ ಹಿಡಿದೆ. ತುಟಿಯಲ್ಲೇ ತಿಥಿಗಳನ್ನು ಓದಿಕೊಂಡು, ಸರಿ ಉಂಟೆಂದು ತಲೆಯಾಡಿಸಿದರು. ಆಮೇಲೆ ಫೋನನ್ನು ಬೆರಳಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡಿದರು.

“ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾದದ್ದು?”

“ಸ್ವಲ್ಪ ಸ್ವಲ್ಪವೇ ಆದದ್ದು, ಭಾವ.”

ಅಕ್ಕ ಬರುವವರೆಗೂ ನಾನು ಅಲ್ಲೇ ಅವರೆದುರು ಕುಳಿತಿದ್ದೆ. ಭಾವನನ್ನು ನೋಡಿದ್ದು ಅದೇ ಕೊನೆ.